ಸಾಕ್ಷಿಪಟ್ಟಿ ಬರೆದ ಮೊಳಕಾಲು

ಮನುಷ್ಯನ ಕೈಯಿಂದ ಪೆನ್ನು ಕಿತ್ತುಕೊಂಡುಬಿಟ್ಟರೆ ಆಸ್ಪತ್ರೆಯಲ್ಲಿ ಸುಳ್ಳು ನಿಂತುಹೋಗುತ್ತದೆ ಎಂದು ನಂಬಿದವರಲ್ಲಿ ಮಂದಾಕಿನಿ ಹಂಚಿನಮನಿ ಮೊದಲನೆಯವಳು. ಹಾಗೆ ನಂಬುವುದಕ್ಕೆ ಅವಳಿಗೆ ಕಾರಣಗಳೂ ಇದ್ದವು. ಹುಬ್ಬಳ್ಳಿಯ ಆ ದೊಡ್ಡ ಆಸ್ಪತ್ರೆಯಲ್ಲಿ ಅವಳು ಫಿಸಿಯೋಥೆರಪಿಸ್ಟ್ ಆಗಿ ಸೇರಿದ ಕಾಲಕ್ಕೆ ರೋಗಿಯ ದಾಖಲೆ ಎಂದರೆ ಮೂರು ವಾಕ್ಯ: 'ರೋಗಿ ಸಹಕರಿಸಿದರು. ನೋವು ಕಡಿಮೆ. ಇದನ್ನೇ ಮುಂದುವರಿಸುವುದು.' ಲಕ್ವಾ ಹೊಡೆದ ಅಜ್ಜನಿಗೂ ಅದೇ, ಸೊಂಟ ಮುರಿದ ಅಜ್ಜಿಗೂ ಅದೇ, ಕುತ್ತಿಗೆ ಉಳುಕಿದ ಹುಡುಗಿಗೂ ಅದೇ. ಒಮ್ಮೆ ಬೆಳಿಗ್ಗೆ ತೀರಿಹೋದವರ ಹಾಳೆಯಲ್ಲಿ ಸಂಜೆ ಯಾರೋ ಪುಣ್ಯಾತ್ಮರು 'ರೋಗಿ ಸಹಕರಿಸಿದರು' ಎಂದು ಬರೆದು ಸಹಿ ಹಾಕಿದ್ದರು. ಅದೊಂದು ದಾಖಲೆ ಮಾತ್ರ ನಿಜವಿರಬೇಕು, ಸತ್ತವರಷ್ಟು ಸಹಕರಿಸುವವರು ಯಾರಿದ್ದಾರೆ? ಮಂದಾಕಿನಿ ಆ ಹಾಳೆ ನೋಡಿ ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಬಂದಿದ್ದಳು.

ಆಮೇಲೆ ಸಾಕ್ಷಿಪಟ್ಟಿ ಬಂತು. ನೋಡುವುದಕ್ಕೆ ಮೊಳಕಾಲಿಗೆ ಏರಿಸುವ ಬಿಗಿಯಾದ ಕಾಲುಚೀಲದ ಹಾಗೆ. ಅದರ ನೂಲಿಗೆ ಸ್ನಾಯುವಿನೊಳಗಿನ ಸಣ್ಣ ವಿದ್ಯುತ್ತು ಗೊತ್ತಾಗುತ್ತದೆ, ಕೀಲು ಎಷ್ಟು ಡಿಗ್ರಿ ಮಡಚಿತು ಎನ್ನುವುದು ಗೊತ್ತಾಗುತ್ತದೆ, ಚರ್ಮದ ಬೆವರಿನಿಂದ ನೋವೂ ಗೊತ್ತಾಗುತ್ತದೆ. ಚಿಕಿತ್ಸೆ ಮಾಡುವವರು ತೆಳ್ಳಗಿನ ಕೈಗವಸು ಹಾಕಿಕೊಳ್ಳಬೇಕು, ಕೈ ಯಾರದ್ದು ಎಂದು ಹೇಳುವ ಕೆಲಸ ಅದರದ್ದು. ಕೈಗವಸು ಪಟ್ಟಿಗೆ ತಾಗಿದ ಕೂಡಲೇ ದಾಖಲೆ ತಾನಾಗಿ ಶುರು, ಕೈ ತೆಗೆದರೆ ಮುಗಿಯಿತು. ಬರೆದದ್ದನ್ನು ಅಳಿಸುವ ಅಧಿಕಾರ ಯಾರಿಗೂ ಇಲ್ಲ. ಆಸ್ಪತ್ರೆಯ ನಿರ್ದೇಶಕರಿಗೂ ಇಲ್ಲ.

ಈ ಕೊನೆಯ ನಿಯಮವನ್ನು ಹಟ ಹಿಡಿದು ಬರೆಸಿದವಳು ಮಂದಾಕಿನಿಯೇ. ಈಗ ಅವಳು ವಿಭಾಗದ ಗುಣಮಟ್ಟದ ಮುಖ್ಯಸ್ಥೆ. ಮೂರನೇ ಮಹಡಿಯ ಗಾಜಿನ ಕೋಣೆಯಲ್ಲಿ ಕೂತು ಗೋಡೆಯ ತುಂಬ ಓಡುವ ಗೆರೆಗಳನ್ನು ನೋಡುವುದು ಅವಳ ಕೆಲಸ. ಪ್ರತಿ ರೋಗಿಗೂ ಎರಡು ಗೆರೆ: ಹಸಿರಿನದು ಕೀಲಿನ ಮಡಿಕೆ, ಕೆಂಪಿನದು ನೋವು. ಹಸಿರು ದಿನದಿಂದ ದಿನಕ್ಕೆ ಏರಬೇಕು, ಕೆಂಪು ಮಿತಿ ದಾಟಬಾರದು. ಕೆಂಪು ದಾಟಿದರೆ ಚಿಕಿತ್ಸಕರ ಅಂಕ ಕಡಿತ, ಮತ್ತೆ ಮತ್ತೆ ದಾಟಿದರೆ ನೆಲಮಾಳಿಗೆಯ ಮರುತರಬೇತಿ ವರ್ಗಕ್ಕೆ ವರ್ಗಾವಣೆ. 'ನೋವಿಲ್ಲದ ಪ್ರಗತಿ' ಎಂದು ಗೋಡೆಗೆ ಬೋರ್ಡು ಬರೆಸಿ ಹಾಕಿದವಳೂ ಅವಳೇ.

ಮನೆಯಲ್ಲಿ ಮಾತ್ರ ಅವಳ ಗಂಡ ವಿರೂಪಾಕ್ಷ ಕುರ್ಚಿಯ ಮೇಲೆ ಕೂತು ಉಣ್ಣುತ್ತಿದ್ದ.

ಇದು ಸಣ್ಣ ಮಾತಲ್ಲ. ವಿರೂಪಾಕ್ಷ ದುರ್ಗದಬೈಲಿನ ಒಂದು ಸೀರೆ ಅಂಗಡಿಯಲ್ಲಿ ಗಾದಿಯ ಮೇಲೆ ಕೂತು ಸೀರೆ ತೋರಿಸುವವನು. ಪದ್ಮಾಸನಕ್ಕಿಂತ ಒಂದು ಕೈ ಮಿಗಿಲಾಗಿ ಕಾಲು ಮಡಚಿ, ಬೆಳಗಿನಿಂದ ಸಂಜೆಯವರೆಗೆ ಕೂತಲ್ಲಿಂದಲೇ ಸೀರೆ ಚಿಮ್ಮಿಸಿ ಹರಡುವ ಕಲೆ ಅವನದು. ಇಳಕಲ್ ಸೀರೆಯ ಸೆರಗು ಅವನ ಕೈಯಿಂದ ಗಿರಾಕಿಯ ತೊಡೆಯ ಮೇಲೆ ಬಂದು ಬಿದ್ದರೆ ಅರ್ಧ ವ್ಯಾಪಾರ ಆದಂತೆ. ಮಳೆಗಾಲ ಶುರುವಾಗುವ ಮುಂಚೆ ಮೇಲಿನ ಕಪಾಟಿನ ಗಂಟು ಇಳಿಸಲು ಏಣಿ ಹತ್ತಿ ಜಾರಿ ಬಿದ್ದು ಮೊಳಕಾಲ ಚಿಪ್ಪು ಒಡೆದುಕೊಂಡ. ತಂತಿ ಹಾಕಿ ಕೂಡಿಸಿದರು. ಎಲುಬು ಕೂಡಿತು, ಆದರೆ ಕೀಲು ಮರದ ತುಂಡಿನ ಹಾಗೆ ಬಿಗಿದು ಕೂತಿತು. ಅಂಗಡಿಯ ಸಾವ್ಕಾರರು ಒಳ್ಳೆಯವರೇ, ದೀಪಾವಳಿಯವರೆಗೆ ಗಾದಿಯ ಜಾಗ ಕಾಯುತ್ತೇನೆ ಎಂದಿದ್ದರು. ಆಮೇಲೆ ಬೇರೆಯವರನ್ನು ಕೂರಿಸಬೇಕಾಗುತ್ತದೆ ಎನ್ನುವುದನ್ನು ಅವರು ಹೇಳಲಿಲ್ಲ, ಇವನು ಕೇಳಲೂ ಇಲ್ಲ.

ಚಿಕಿತ್ಸೆ ಹೆಂಡತಿಯ ಆಸ್ಪತ್ರೆಯಲ್ಲೇ. ನೋಡಿಕೊಳ್ಳುವವನು ಶ್ರೀಶೈಲ ಅಂಗಡಿ ಎನ್ನುವ ಫಿಸಿಯೋಥೆರಪಿಸ್ಟ್, ವಿಭಾಗದಲ್ಲೇ ಅತಿ ಹೆಚ್ಚು ಅಂಕದವನು. ವಿರೂಪಾಕ್ಷನ ಹಸಿರು ಗೆರೆ ಎಷ್ಟು ಚಂದ ಏರಿತೆಂದರೆ, ಮಂದಾಕಿನಿ ಅದನ್ನು ಹೆಸರು ಮರೆಮಾಚಿ ಸಿಬ್ಬಂದಿ ಸಭೆಯಲ್ಲಿ ದೊಡ್ಡದಾಗಿ ತೋರಿಸಿ, ಹೀಗಿರಬೇಕು ನೋಡಿ ಎಂದಿದ್ದಳು. ಕೆಂಪು ಗೆರೆ ನೆಲ ಬಿಟ್ಟು ಏಳಲೇ ಇಲ್ಲ. ಹಸಿರು ನೂರಾ ಹತ್ತು ದಾಟಿ ನೂರಾ ಇಪ್ಪತ್ತರ ಹತ್ತಿರ ಬಂದಿತ್ತು. ಅಷ್ಟು ಡಿಗ್ರಿ ಮಡಚುವ ಕಾಲು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಲೇಬೇಕು.

ಆದರೂ ಇವನು ಊಟಕ್ಕೆ ಕುರ್ಚಿ ಎಳೆದುಕೊಳ್ಳುತ್ತಿದ್ದ. ಒಂದು ದಿನ ಅವಳು ಕೇಳಿಯೇಬಿಟ್ಟಳು. ಮಡಚುವುದಿಲ್ಲ ಎಂದ. ದಾಖಲೆಯಲ್ಲಿ ಮಡಚುತ್ತಿದೆಯಲ್ಲ ಎಂದಳು. ದಾಖಲೆಯ ಮಾತು ತನಗೆ ಗೊತ್ತಿಲ್ಲ, ತನ್ನ ಕಾಲಿನ ಮಾತು ಹೇಳುತ್ತಿದ್ದೇನೆ ಎಂದು ತಟ್ಟೆ ನೋಡುತ್ತ ಹೇಳಿದ. ಮಂದಾಕಿನಿಗೆ ಸಿಟ್ಟಿಗಿಂತ ಹೇಸಿಗೆ ಬಂತು. ಗಂಡಸರಿಗೆ ಜಡ್ಡು ಎಂದರೆ ಒಂದು ಹಬ್ಬ, ಕೂತಲ್ಲಿಗೇ ಚಹಾ, ಮಲಗಿದಲ್ಲಿಗೇ ಊಟ, ಯಾರು ಬಿಟ್ಟಾರು? "ಮೊಳಕಾಲು ಮಡಚತೈತಿ, ಮನಸ್ಸು ಮಡಚವಲ್ದು. ಅಂಗಡಿಗೆ ಹೋಗಾಕ ಮನಸಿಲ್ಲ ಅಂತ ಹೇಳ್ರಿ, ನಾಟಕ ಯಾಕ?" ಎಂದಳು. ವಿರೂಪಾಕ್ಷ ರೊಟ್ಟಿ ಮುರಿದ ಕೈಯನ್ನು ಅಲ್ಲೇ ನಿಲ್ಲಿಸಿದ. ಆಮೇಲೆ ಆ ಮಾತೇ ಎತ್ತಲಿಲ್ಲ. ಶ್ರೀಶೈಲನ ಬಗ್ಗೆ ಮಾತ್ರ, ಬಂಗಾರದಂಥ ಮನುಷ್ಯ, ಒಂದು ಚೂರೂ ನೋಯಿಸುವುದಿಲ್ಲ ಎಂದು ಹೊಗಳುತ್ತಿದ್ದ.

ಎತ್ತು ಈಯಿತು ಎಂದು ಪಟ್ಟಿ ಬರೆದರೆ ಕರು ಕಟ್ಟಲು ಹಗ್ಗ ಹುಡುಕುವ ಸ್ಥಿತಿಗೆ ಮಂದಾಕಿನಿ ಬಂದಿದ್ದಳು. ಹದಿನಾಲ್ಕು ವರ್ಷ ಸಾವಿರಾರು ಮೊಳಕಾಲು ಮಡಚಿದ ಕೈ ಅವಳದು. ಎದುರಿಗೆ ಕೂತ ಗಂಡನ ಕಾಲನ್ನು ಒಮ್ಮೆ ಮುಟ್ಟಿ ನೋಡಬೇಕು ಎಂದು ಆ ಕೈಗೆ ಅನ್ನಿಸಲೇ ಇಲ್ಲ.

ಅವತ್ತು ಬೆಳಿಗ್ಗೆ ಅವಳು ಒಗೆಯುವ ಕೋಣೆಯ ತಪಾಸಣೆಗೆ ಹೋಗಿದ್ದಳು. ದಿಲ್ಲಿಯಿಂದ ಪರಿಶೀಲನಾ ತಂಡ ಬಂದಿತ್ತು, ಆಸ್ಪತ್ರೆಗೆ ಬಂಗಾರದ ದರ್ಜೆ ಕೊಡುವುದೋ ಬೇಡವೋ ಎನ್ನುವುದು ಸಂಜೆಗೆ ತೀರ್ಮಾನ. ಬಳಸಿದ ಪಟ್ಟಿಗಳ ಬುಟ್ಟಿಯಲ್ಲಿ ಮೇಲೆಯೇ ವಿರೂಪಾಕ್ಷನ ಹೆಸರಿನದು ಕಂಡಿತು. ಎತ್ತಿಕೊಂಡಳು. ಗಂಡನ ವಾಸನೆ ಹೆಂಡತಿಗೆ ಗೊತ್ತಿರುತ್ತದೆ: ಅವನದು ನೀಲಗಿರಿ ಎಣ್ಣೆ, ಅದರ ಕೆಳಗೆ ಹೊಸ ಬಟ್ಟೆಯ ಗಂಜಿ. ಈ ಪಟ್ಟಿಯಿಂದ ಹೊಡೆದದ್ದು ಅಗ್ಗದ ಸೆಂಟು, ಹಸಿ ಉಳ್ಳಾಗಡ್ಡಿ, ಯಾರದೋ ಹರೆಯದ ಬೆವರು. ಬುಟ್ಟಿಯ ಇನ್ನೊಂದು ಪಟ್ಟಿ ಎತ್ತಿ ಮೂಸಿದಳು. ಎಂಬತ್ತು ದಾಟಿದ ಒಬ್ಬ ಅಜ್ಜಿಯದು. ಅದೇ ಸೆಂಟು.

ಮಧ್ಯಾಹ್ನ ವಿರೂಪಾಕ್ಷನ ಪಾಳಿ. ಆ ಹೊತ್ತಿಗೆ ಅವಳು ಹೇಳದೆ ಕೇಳದೆ ಚಿಕಿತ್ಸೆಯ ಹಾಲಿಗೆ ಹೋಗಿ, ಕೊನೆಯ ಮಂಚದ ಪರದೆ ಸರಿಸಿದಳು.

ಮಂಚದ ಮೇಲೆ ವಾದಿರಾಜ ಮಲಗಿದ್ದ. ಇವನೂ ಅಲ್ಲಿಯ ಫಿಸಿಯೋಥೆರಪಿಸ್ಟ್. ಪ್ಯಾಂಟು ತೊಡೆಯವರೆಗೆ ಮಡಚಿ, ರೋಮ ತುಂಬಿದ ಗಟ್ಟಿಮುಟ್ಟು ಕಾಲಿಗೆ ವಿರೂಪಾಕ್ಷನ ಹೆಸರಿನ ಪಟ್ಟಿ ಏರಿಸಿಕೊಂಡು, ಎದೆಯ ಮೇಲೆ ಕಾಗದ ಹರಡಿಕೊಂಡು ಉಳ್ಳಾಗಡ್ಡಿ ಬೆರೆಸಿದ ಮಂಡಕ್ಕಿಯ ಗಿರಮಿಟ್ಟು ತಿನ್ನುತ್ತಿದ್ದ. ಶ್ರೀಶೈಲ ಕೈಗವಸು ತೊಟ್ಟು ಆ ಕಾಲನ್ನು ಮಡಚುತ್ತ, ಬಿಡುತ್ತ, ಮಡಚುತ್ತ ನಿಂತಿದ್ದ. ಪಕ್ಕದ ಕುರ್ಚಿಯಲ್ಲಿ ವಿರೂಪಾಕ್ಷ ಬಿಸಿಚೀಲ ಮೊಳಕಾಲ ಮೇಲಿಟ್ಟುಕೊಂಡು ಚಹಾ ಕುಡಿಯುತ್ತಿದ್ದ. ಅವನ ಕೈಯಲ್ಲೂ ಗಿರಮಿಟ್ಟಿನ ಪೊಟ್ಟಣ. ಹೆಂಡತಿಯನ್ನು ಕಂಡವನೇ ಲೋಟದೊಳಗೆ ಏನೋ ಬಿದ್ದಿದೆ ಎನ್ನುವ ಹಾಗೆ ಅದನ್ನೇ ನೋಡತೊಡಗಿದ. ವಾದಿರಾಜನ ಗಲ್ಲಕ್ಕೆ ಮಂಡಕ್ಕಿಯ ಒಂದು ಕಾಳು ಅಂಟಿತ್ತು.

ಶ್ರೀಶೈಲ ಹೆದರಲಿಲ್ಲ. ಅದೇ ಅವಳನ್ನು ಹೆಚ್ಚು ಉರಿಸಿತು. ಕೈಗವಸು ಬಿಚ್ಚಿ ಹೊರಗೆ ಕರೆದೊಯ್ದು, ಮಕ್ಕಳಿಗೆ ಪಾಠ ಹೇಳುವ ದನಿಯಲ್ಲಿ ವಿವರಿಸಿದ. ಕೈಗವಸಿನಲ್ಲೂ ಪಟ್ಟಿಯಲ್ಲೂ ಒಂದೇ ಎದೆಬಡಿತ ಸಿಕ್ಕರೆ ದಾಖಲೆ ಆಗುವುದಿಲ್ಲ, ಹಾಗಾಗಿ ತನ್ನ ಕಾಲಿಗೆ ತಾನೇ ಮಾಡಿಕೊಳ್ಳಲು ಬರುವುದಿಲ್ಲ. ಇಬ್ಬರು ಬೇಕು. ಇವನ ರೋಗಿಗೆ ವಾದಿರಾಜ ಕಾಲು ಕೊಡುತ್ತಾನೆ, ಅವನ ರೋಗಿಗೆ ಇವನು ಕೊಡುತ್ತಾನೆ. ಹೊಲದ ಕೆಲಸಕ್ಕೆ ಒಬ್ಬರಿಗೊಬ್ಬರು ಆಳಾಗಿ ಹೋಗುವ ಮುಯ್ಯಿ ಇದೆಯಲ್ಲ, ಹಾಗೆ. ವಿಭಾಗದಲ್ಲಿ ಎಲ್ಲರೂ ಅದನ್ನು ಮುಯ್ಯಿ ಎಂದೇ ಕರೆಯುತ್ತಾರಂತೆ. ಒಮ್ಮೆಲೇ ಪೂರ್ತಿ ಮಡಚಿದರೆ ಅನುಮಾನ ಬರುತ್ತದೆ, ದಿನಕ್ಕಿಷ್ಟು ಎಂದು ಹದವಾಗಿ ಏರಿಸಬೇಕು, ಅದಕ್ಕೂ ಕೈಚಳಕ ಬೇಕು ಎಂದು ಹೇಳುವಾಗ ಅವನ ಮುಖದಲ್ಲಿ ಸಣ್ಣ ಹೆಮ್ಮೆ ಇತ್ತು. ಪಟ್ಟಿಗೆ ಕಾಲು ಯಾರದೆಂದು ಕೇಳುವ ಬುದ್ಧಿ ಕೊಟ್ಟಿರಲಿಲ್ಲ. ರೋಗಿಯ ಪಟ್ಟಿ ರೋಗಿಯ ಕಾಲಲ್ಲದೆ ಇನ್ನೆಲ್ಲಿರುತ್ತದೆ ಎಂದು ಮೇಲೆ ಕೂತ ಯಾರಿಗೂ ಹೊಳೆದಿರಲಿಲ್ಲ, ಮಂದಾಕಿನಿಗೂ.

ಆಮೇಲೆ ಅವನು ಹೇಳಿದ ಮಾತು ಅವಳ ಮುಖಕ್ಕೇ ಬಂದು ಬಡಿಯಿತು. "ಬಿಗಿದ ಮೊಳಕಾಲು ನೋವಾಗದ ಮಡಚೂದಿಲ್ರಿ ಮೇಡಂ. ನಿಮಗೂ ಗೊತ್ತೈತಿ. ಹಸಿರು ಏರಬೇಕು, ಕೆಂಪು ಏರಬಾರ್ದು ಅಂದ್ರಿ. ಅಂಥಾ ಕಾಲು ಜಗತ್ತಿನ್ಯಾಗ ಇದ್ದಿದ್ದು ವಾದಿರಾಜಂದು ಒಂದ. ನೀವು ಕೇಳಿದ್ರಿ, ನಾವು ಕೊಟ್ವಿ."

ರೋಗಿಗಳು ದೂರು ಕೊಡಲಿಲ್ಲವೇ ಎಂದು ಕೇಳಿದಳು. ಅವನು ನಕ್ಕ. ದೂರು ಯಾರು ಕೊಡುತ್ತಾರೆ, ಪೇಢೆ ತಂದು ಕೊಡುತ್ತಾರೆ. ಮೊದಲನೆಯ ದಿನ ಪಟ್ಟಿ ಏರಿಸುವ ಮುಂಚೆ ನಿಜವಾಗಿ ಮಡಚಿದ್ದಕ್ಕೆ ನಿಮ್ಮ ಮನೆಯವರೇ ಕೈ ಮುಗಿದು ಬಿಡಪ್ಪಾ ಎಂದರು, ಬೇರೆ ದಾರಿ ಇದೆ ಎಂದೆ, ಆಗಲಿ ಎಂದರು, ಅಷ್ಟೇ. ಅಂದಹಾಗೆ ಇವತ್ತು ಅವರದು ನೂರಾ ಇಪ್ಪತ್ತು ಮುಟ್ಟಿತು, ಇನ್ನು ಇಲ್ಲಿಗೆ ಬರುವ ಕೆಲಸವಿಲ್ಲ, ಜೊತೆಗಾರ ಯಂತ್ರ ಮಂಜೂರಾಗಿದೆ ಎಂದೂ ಸೇರಿಸಿದ.

ಮಂದಾಕಿನಿ ಗಂಡನ ಕಡೆ ತಿರುಗಿಯೂ ನೋಡಲಿಲ್ಲ. ಆ ಚಹಾ ಲೋಟ, ಆ ಪೊಟ್ಟಣ, ಆ ಕಳ್ಳಮುಖ ಮತ್ತೆ ಕಣ್ಣಿಗೆ ಬೀಳದಿರಲಿ ಎಂದು ನೆಟ್ಟಗೆ ಮೆಟ್ಟಿಲು ಹತ್ತಿದಳು. ಅವನಿಗೆ ಒಂದು ಮಾತು ಹೇಳಿ ಹೋಗಿದ್ದರೆ ಮುಂದಿನದೆಲ್ಲ ತಪ್ಪುತ್ತಿತ್ತು. ಅಸಹ್ಯ ಪಟ್ಟುಕೊಳ್ಳುವ ಭರದಲ್ಲಿ ಅದೊಂದು ಹೊಳೆಯಲಿಲ್ಲ.

ಜೊತೆಗಾರ ಎಂದರೆ ತೊಡೆಯಿಂದ ಮೀನಖಂಡದವರೆಗೆ ಹಾಕುವ ಉಕ್ಕಿನ ಗೂಡು, ಒಳಗೆ ಮೋಟಾರು. ಮನೆಯಲ್ಲೇ ದಿನಕ್ಕೊಂದು ಸುತ್ತು ಕಾಲನ್ನು ತಾನೇ ಮಡಚಿ ಬಿಡಿಸುತ್ತದೆ. ಎಷ್ಟು ಮಡಚಬೇಕು ಎನ್ನುವುದನ್ನು ಅದು ಕೊನೆಯ ದಾಖಲೆಯಿಂದ ತೆಗೆದುಕೊಂಡು ಅದಕ್ಕೆ ಎರಡು ಡಿಗ್ರಿ ಸೇರಿಸುತ್ತದೆ. ರೋಗಿ ಕೂಗಿದರೆ ನಿಲ್ಲುವುದಿಲ್ಲವೇ ಎಂದರೆ, ನಿಲ್ಲುತ್ತದೆ, ಆದರೆ ಯಾವ ಕೂಗು ನಿಜದ ನೋವು, ಯಾವುದು ಬರೀ ಸೋಮಾರಿತನ ಎಂದು ತೀರ್ಮಾನಿಸುವುದೂ ಹಳೆಯ ದಾಖಲೆಯ ಕೆಂಪು ಗೆರೆ ನೋಡಿಯೇ. ಎಂದೂ ನೋವೇ ಆಗದ ಮನುಷ್ಯ ಈಗ ಕೂಗಿದರೆ ಅದು ನಾಟಕ. ರೋಗಿಗಳು ಬಿಚ್ಚಿ ಮೂಲೆಗೆಸೆಯುತ್ತಾರೆಂದು, ಹಾಕಿದ ಮೇಲೆ ಮೊದಲ ಸುತ್ತು ಮುಗಿಯುವವರೆಗೆ ಬೀಗ ತೆರೆಯುವುದಿಲ್ಲ. ಈ ಬೀಗದ ಕಡತಕ್ಕೂ ಮಂದಾಕಿನಿಯ ಸಹಿ ಬಿದ್ದಿತ್ತು. ಐವತ್ತೈದಕ್ಕೋ ಅರವತ್ತಕ್ಕೋ ನಿಂತಿರುವ ಕಾಲನ್ನು ಆ ಯಂತ್ರ ನೂರಾ ಇಪ್ಪತ್ತೆರಡಕ್ಕೆ ಎಳೆದರೆ ತಂತಿ ಹಾಕಿದ ಚಿಪ್ಪು ಮತ್ತೆ ಎರಡಾಗುತ್ತದೆ, ಸ್ನಾಯುರಜ್ಜು ಕಿತ್ತು ಬರುತ್ತದೆ. ಮತ್ತೆ ಗಾದಿಯೂ ಇಲ್ಲ, ನೆಟ್ಟಗೆ ನಡಿಗೆಯೂ ಇಲ್ಲ.

ನಿರ್ದೇಶಕ ಡಾಕ್ಟರ್ ಉಮಾಕಾಂತ ಪಡೇಕನೂರರು ಪರಿಶೀಲನಾ ತಂಡದ ಊಟೋಪಚಾರದಲ್ಲಿದ್ದರು. ಅವರ ಕೋಣೆಯ ಹೊರಗೆ ಬಹಳ ಹೊತ್ತು ಕಾಯಬೇಕಾಯಿತು. ಬಂದವರೇ ಮಾತು ಪೂರ್ತಿ ಕೇಳಿಸಿಕೊಂಡರು, ಬಾದಾಮಿ ಹಾಲು ತರಿಸಿದರು, ಟಿಶ್ಯೂ ಕಾಗದದಿಂದ ಮೀಸೆ ಒರೆಸಿಕೊಂಡರು. ಆಶ್ಚರ್ಯ ಪಡಲಿಲ್ಲ. ಬೇಲಿಯೇ ಎದ್ದು ಹೊಲ ಮೇಯುತ್ತಿದೆ ಎಂದು ಹೇಳಲು ಬಂದವಳಿಗೆ ಹೊಲದ ಒಡೆಯನ ಬಾಯಲ್ಲೂ ಅದೇ ಸೊಪ್ಪು ಕಂಡಿತು.

"ನೋಡ್ರಿ ಮಂದಾಕಿನಿ, ದಾಖಲೆ ಸುಳ್ಳಲ್ಲ. ಸ್ವಲ್ಪ ಮುಂದ ಹೋಗೇತಿ ಅಷ್ಟ. ಕಾಲು ಹಿಂದಿಂದ ಬಂದು ಕೂಡಿಕೊಂತೈತಿ" ಎಂದರು.

ಕಾಲು ಬಂದು ಕೂಡಿಕೊಳ್ಳದಿದ್ದರೆ ಅರಿವಳಿಕೆ ಕೊಟ್ಟು ಬಲವಂತವಾಗಿ ದಾಖಲೆಯ ಮಟ್ಟಕ್ಕೆ ತರಬಹುದು, ಅದಕ್ಕೂ ವಿಧಾನವಿದೆ ಎಂದು ಸಮಾಧಾನ ಹೇಳಿದರು. ಜೊತೆಗಾರವನ್ನು ಇಲ್ಲಿಂದ ತಡೆಯುವುದೆಂದರೆ ಪಟ್ಟಿ ಸುಳ್ಳು ಹೇಳಿದೆ ಎಂದು ಒಪ್ಪಿಕೊಂಡಂತೆ, ಅದೂ ದಿಲ್ಲಿಯವರು ಕೆಳಗೆ ಉಣ್ಣುತ್ತ ಕೂತಿರುವಾಗ. ಅಳಿಸಬಾರದು ಎನ್ನುವ ನಿಯಮ ನಿಮ್ಮದೇ ಅಲ್ಲವೇ ಎಂದು ಕೇಳುವಾಗ ಅವರ ತುಟಿಯ ಮೂಲೆಯಲ್ಲಿ ಬಾದಾಮಿಯ ಸಿಪ್ಪೆ ಇತ್ತು. ಥೂ ಎನ್ನಿಸಿತು ಅವಳಿಗೆ. ಅವರ ಮೇಲೆ ಎಷ್ಟೋ, ಆ ನಿಯಮ ಬರೆಸಿದ ತನ್ನ ಮೇಲೂ ಅಷ್ಟೇ.

ಹೊರಗೆ ಬಂದು ಗಂಡನಿಗೆ ಫೋನು ಹಚ್ಚಿದಳು. ಯಾರೇ ಬಂದರೂ ಕಾಲಿಗೆ ಏನೂ ಹಾಕಿಸಿಕೊಳ್ಳಬೇಡಿ ಎನ್ನುವಷ್ಟರಲ್ಲಿ ಅವನು, ಆಗಲೇ ಬಂದು ಹಾಕಿ ಹೋದರು, ಹಗುರವಾಗಿದೆ, ಚಂದ ಇದೆ, ಏಳು ಗಂಟೆಗೆ ಮೊದಲ ಸುತ್ತಂತೆ ಎಂದ. ದನಿಯಲ್ಲಿ ಅವಳನ್ನು ಸಮಾಧಾನ ಮಾಡುವ ಆತುರವಿತ್ತು. ಈ ಯಂತ್ರದಿಂದ ಕಾಲು ನಿಜವಾಗಿಯೂ ಮಡಚಿದರೆ ಮಧ್ಯಾಹ್ನದ ಅವಮಾನ ತೊಳೆದುಹೋಗುತ್ತದೆ ಎಂದು ಅವನು ನಂಬಿದ್ದ. ಸಹಾಯವಾಣಿಗೆ ಫೋನು ಮಾಡಿದರೆ ಅಲ್ಲಿ ಮನುಷ್ಯರಿರಲಿಲ್ಲ. ಯಂತ್ರವೊಂದು ರೋಗಿಯ ದಾಖಲೆ ಅತ್ಯುತ್ತಮವಾಗಿದೆ, ಆತಂಕ ಬೇಡ ಎಂದಿತು.

ಹಳೇ ಹುಬ್ಬಳ್ಳಿಗೆ ಆಟೋದಲ್ಲಿ ಬಂದಳು. ವಿರೂಪಾಕ್ಷ ದಿವಾನದ ಮೇಲೆ ಕಾಲು ಚಾಚಿ ಕೂತಿದ್ದ. ಮೊಳಕಾಲಿಗೆ ಪಟ್ಟಿ, ಅದರ ಮೇಲೆ ಬೂದು ಬಣ್ಣದ ಉಕ್ಕಿನ ಗೂಡು, ಅದರ ಬದಿಯಲ್ಲಿ ಏಳು ಗಂಟೆಗೆ ಉಳಿದ ಹೊತ್ತು ಹಿಂದಕ್ಕೆ ಓಡುತ್ತಿತ್ತು. ಬೀಗ ಮೀಟಿ ನೋಡಿದಳು, ಅಲುಗಲಿಲ್ಲ. ಮೋಟಾರು ಮಾತ್ರ ಇನ್ನೂ ಸುಮ್ಮನಿತ್ತು, ಸುತ್ತು ಶುರುವಾಗುವವರೆಗೆ ಗೂಡಿನ ಕೀಲು ಸಡಿಲವಾಗಿ ಆಡುತ್ತಿತ್ತು.

ಅವಳು ಎಲ್ಲವನ್ನೂ ಹೇಳಿದಳು. ಕೇಳುತ್ತ ಕೇಳುತ್ತ ಅವನ ಮುಖ ಬಿಳಿಚಿಕೊಂಡಿತು.

"ಮಡಚೂದಿಲ್ಲ ಅಂತ ಅವತ್ತ ಹೇಳಿದ್ನೆಲ್ಲ. ನೀ ನಂಬಿದೇನು?" ಎಂದ.

ಅವಳು ಚೀಲಕ್ಕೆ ಕೈ ಹಾಕಿದಳು. ಅದರಲ್ಲಿ ತಪಾಸಣೆಗೆಂದು ಇಟ್ಟುಕೊಂಡ ತನ್ನ ಕೈಗವಸು ಇತ್ತು. ಯಂತ್ರ ಕೊನೆಯ ದಾಖಲೆ ನೋಡುತ್ತದೆ. ಏಳು ಗಂಟೆಯೊಳಗೆ ಹೊಸದೊಂದು ದಾಖಲೆ, ಅವನದೇ ಕಾಲಿನದು, ಆಗಬೇಕು. ಕೈಗವಸು ತೊಟ್ಟು, ಟವೆಲಿನ ಮೂಲೆಯನ್ನು ಅವನ ಬಾಯಿಗಿಟ್ಟು ಕಚ್ಚಿಕೊಳ್ಳಲು ಹೇಳಿದಳು. ಒಂದು ಕೈ ಪಟ್ಟಿಗೆ ತಾಗುವ ಹಾಗೆ ತೊಡೆಯ ಮೇಲೆ, ಒಂದು ಕೈ ಹಿಮ್ಮಡಿಯ ಹತ್ತಿರ ಇಟ್ಟು ಮಡಚತೊಡಗಿದಳು.

ಮುಟ್ಟಿದ ಕೂಡಲೇ ಅವಳ ಬೆರಳಿಗೆ ಎಲ್ಲ ಗೊತ್ತಾಯಿತು. ತೊಡೆಯ ಸ್ನಾಯು ಬತ್ತಿಹೋಗಿ ಹಗ್ಗದ ಹಾಗಾಗಿತ್ತು, ಚಿಪ್ಪು ಅಂಟಿಕೊಂಡಿತ್ತು. ಆ ಮೊದಲ ದಿನದ ಮೇಲೆ ಯಾರೂ ಈ ಕಾಲನ್ನು ಮುಟ್ಟಿಯೇ ಇರಲಿಲ್ಲ. ಒಂದೇ ಮನೆಯಲ್ಲಿ, ಒಂದೇ ಹಾಸಿಗೆಯ ಈಚೆ ಆಚೆ ಮಲಗಿ, ಅವಳೂ ಮುಟ್ಟಿರಲಿಲ್ಲ. ಮೂವತ್ತು, ನಲವತ್ತು, ಐವತ್ತು. ವಿರೂಪಾಕ್ಷ ಟವೆಲು ಉಗಿದು ಹೆಂಡತಿಯನ್ನು ಬೈದ. ಅವಳ ತವರನ್ನು ಬೈದ, ಆಸ್ಪತ್ರೆಯನ್ನು ಬೈದ, ಕಣ್ಣೀರು ಮೂಗಿನಿಂದ ಇಳಿಯಿತು. ಐವತ್ತೈದಕ್ಕೆ ಕಾಲು ಗೋಡೆಗೆ ತಾಗಿದ ಹಾಗೆ ನಿಂತಿತು. ಅವಳು ಕೈ ತೆಗೆದಳು. ಅವಳ ಫೋನಿನಲ್ಲಿ ಕೆಂಪು ಗೆರೆ ಮೊದಲ ಸಲ ಮಿತಿ ದಾಟಿ ಮೇಲೆ ನಿಂತಿತ್ತು.

ದಾಖಲೆ ಹೋಯಿತು. ಗೂಡಿನ ಬದಿಯಲ್ಲಿ ನೂರಾ ಇಪ್ಪತ್ತೆರಡು ಎಂದಿದ್ದ ಅಂಕಿ ಮಿನುಗಿ 'ಪರಿಶೀಲನೆಯಲ್ಲಿದೆ' ಎಂದಾಯಿತು. ಏಳಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು. ಅಷ್ಟರಲ್ಲಿ ವಿರೂಪಾಕ್ಷನ ಫೋನು ಗುಣುಗುಟ್ಟಿತು. ಮಧ್ಯಾಹ್ನ ಶ್ರೀಶೈಲರ ಕೈಯಲ್ಲಿ ನೂರಾ ಇಪ್ಪತ್ತು ಡಿಗ್ರಿ ಮಡಚಿದ ಕಾಲು ಸಂಜೆ ಮಂದಾಕಿನಿ ಅವರ ಕೈಯಲ್ಲಿ ಐವತ್ತೈದಕ್ಕೆ ಇಳಿದಿದೆ, ಈ ಚಿಕಿತ್ಸೆಯಲ್ಲಿ ನಿಮಗೆ ನೋವಾಯಿತೇ ಎಂದು ಕೇಳಿತ್ತು. ಕೆಳಗೆ ಎರಡು ಗುಂಡಿ: ಹೌದು, ಇಲ್ಲ.

ಮಂದಾಕಿನಿಗೆ ಅದರ ಹಿಂದಿನ ಲೆಕ್ಕ ಬಾಯಿಪಾಠ ಬರುತ್ತಿತ್ತು. ಮಡಿಕೆ ಒಮ್ಮೆಲೇ ಬಿದ್ದರೆ ರೋಗಿಯನ್ನೇ ಕೇಳಬೇಕು ಎಂದು ಬರೆದವಳು ಅವಳು. ರೋಗಿ 'ಇಲ್ಲ' ಎಂದು ಒತ್ತಿದರೆ ಪಟ್ಟಿ ಕೆಟ್ಟಿದೆ ಎಂದರ್ಥ, ಇವತ್ತಿನ ದಾಖಲೆ ಕೈಬಿಟ್ಟು ಹಿಂದಿನದನ್ನೇ ಹಿಡಿಯಬೇಕು. 'ಹೌದು' ಎಂದು ಒತ್ತಿದರೆ ಚಿಕಿತ್ಸೆ ಮಾಡಿದವರು ಕಾಲನ್ನು ಕೆಡಿಸಿದ್ದಾರೆ, ಹೊಸ ದಾಖಲೆ ನಿಲ್ಲುತ್ತದೆ, ಮಾಡಿದವರು ಹೊಣೆ. ಹಿಂದಿನ ದಾಖಲೆಗಳೇ ಸುಳ್ಳು ಎನ್ನುವ ಮೂರನೆಯ ಗುಂಡಿ ಇಡಬೇಕೆಂದು ಅವಳಿಗೆ ಅನ್ನಿಸಿರಲಿಲ್ಲ. ಪೆನ್ನಿಲ್ಲದ ಮೇಲೆ ಸುಳ್ಳೆಲ್ಲಿಂದ ಬರಬೇಕು?

ವಿರೂಪಾಕ್ಷ ಮುಖ ಒರೆಸಿಕೊಂಡು ಓದಿದ. ಹೆಂಡತಿಯ ಮೇಲೆ ಬರುತ್ತಿದೆ ಎನ್ನುವಷ್ಟು ಅವನಿಗೆ ತಿಳಿಯಿತು. ಬೆರಳು 'ಇಲ್ಲ' ಎನ್ನುವುದರ ಮೇಲೆ ಹೋಯಿತು. ಅವನ ಪ್ರೀತಿಯೇ ಅಷ್ಟು, ಸುಳ್ಳು ಹೇಳಿ ಪಾರುಮಾಡುವ ಪ್ರೀತಿ. ಮಂದಾಕಿನಿ ಆ ಬೆರಳನ್ನು ನೋಡಿದಳು. ಒತ್ತಲಿ ಎಂದು ಒಳಗೆ ಯಾರೋ ಅಂದರು. ಗಾಜಿನ ಕೋಣೆ ಉಳಿಯುತ್ತದೆ, ಹೆಸರು ಉಳಿಯುತ್ತದೆ, ಯಂತ್ರ ಬಹುಶಃ ಕಾಲನ್ನು ಪೂರ್ತಿ ಮುರಿಯಲಿಕ್ಕಿಲ್ಲ. ಹಾಗೆ ಅಂದದ್ದು ತನ್ನದೇ ದನಿ ಎಂದು ಗೊತ್ತಾದಾಗ, ಬೆಳಗಿನಿಂದ ಮೂಸಿದ ಎಲ್ಲ ವಾಸನೆಗಿಂತ ಅದೇ ಹೆಚ್ಚು ನಾರುತ್ತಿದೆ ಎನ್ನಿಸಿತು. ಅವನ ಕೈ ಹಿಡಿದು ತಡೆದಳು.

"ಹೌದು ಅಂತ ಒತ್ರಿ" ಎಂದಳು.

"ನಿನ್ನ ನೌಕರಿ ಹೊಕ್ಕೈತಿ."

"ಇಲ್ಲ ಅಂದ್ರ ನಿಮ್ಮ ಕಾಲು ಹೊಕ್ಕೈತಿ. ನೋವಾತೋ ಇಲ್ಲೋ? ಖರೇ ಹೇಳ್ರಿ."

"ಜೀವ ಹೋತು" ಎಂದ ವಿರೂಪಾಕ್ಷ. ಒತ್ತಿದ.

ತಕ್ಷಣ ಅವಳ ಫೋನಿಗೆ ಸಂದೇಶ ಬಂತು. ಸಂದೇಶಗಳು ಕನ್ನಡದಲ್ಲೇ ಇರಬೇಕು ಎಂದು ಹಿಂದೆ ಅವಳೇ ಹೋರಾಡಿ ಗೆದ್ದಿದ್ದಳು, ಹಾಗಾಗಿ ಸ್ವಚ್ಛ ಕನ್ನಡದಲ್ಲಿಯೇ ಇತ್ತು: ಚಿಕಿತ್ಸಕಿ ಮಂದಾಕಿನಿ ಹಂಚಿನಮನಿ ಅವರ ಕೈಯಿಂದ ರೋಗಿಗೆ ಹಾನಿಯಾಗಿರುವುದು ದೃಢಪಟ್ಟಿದೆ, ತನಿಖೆ ಮುಗಿಯುವವರೆಗೆ ಅವರು ಯಾವ ರೋಗಿಯನ್ನೂ ಮುಟ್ಟುವಂತಿಲ್ಲ. ಕೈಗವಸಿನ ಸಣ್ಣ ದೀಪ ಆರಿತು. ಅದು ಅಳಿಸಲಾಗದ ದಾಖಲೆ. ಅದರ ಒಂದೊಂದು ಅಂಕಿಯೂ ನಿಜ, ಕೂಡಿಸಿದರೆ ಹಸೀ ಸುಳ್ಳು.

ಗೂಡಿನ ಬದಿಯ ಅಂಕಿ ಐವತ್ತೇಳಕ್ಕೆ ಬಂದು ನಿಂತಿತು. ಏಳು ಗಂಟೆಗೆ ಮೋಟಾರು ಗುರ್ ಎಂದಿತು. ಎರಡೇ ಎರಡು ಡಿಗ್ರಿ ಹೆಚ್ಚಿಗೆ ಹೋಗುವುದರೊಳಗೆ ವಿರೂಪಾಕ್ಷ ಹೆಂಡತಿಯ ಭುಜವನ್ನು ಉಗುರು ಊರುವಷ್ಟು ಬಲವಾಗಿ ಹಿಡಿದಿದ್ದ. ಸುತ್ತು ಮುಗಿದು ಬೀಗ ಟಕ್ ಎಂದು ತೆರೆಯಿತು. ಅವಳು ಗೂಡನ್ನು ಬಿಚ್ಚಿ, ಸತ್ತ ಹೆಗ್ಗಣವನ್ನು ಎತ್ತುವ ಹಾಗೆ ಎರಡು ಬೆರಳಲ್ಲಿ ಎತ್ತಿ ಬಾಗಿಲ ಹೊರಗಿಟ್ಟು ಬಂದಳು. ಅವನು ಬೆವರಿನಲ್ಲಿ ತೊಯ್ದು ಕೂತು ತನ್ನ ಮೊಳಕಾಲನ್ನೇ ನೋಡುತ್ತಿದ್ದ. ಎರಡು ಡಿಗ್ರಿಗೆ ಹೀಗಾದರೆ ಎಂದು ಶುರುಮಾಡಿ ಮಾತು ನಿಲ್ಲಿಸಿದ.

ಅಷ್ಟರಲ್ಲಿ ವಿಭಾಗದ ಗುಂಪಿನಲ್ಲಿ ಸಾಲು ಸಾಲು ಸಂದೇಶ ಬೀಳತೊಡಗಿದವು. ಬಂಗಾರದ ದರ್ಜೆ ಬಂದಿತ್ತು. ದಿಲ್ಲಿಯವರು ವಿಶೇಷವಾಗಿ ಮೆಚ್ಚಿದ್ದು ಹೆಸರು ಹೇಳದ ಒಬ್ಬ ರೋಗಿಯ ಮೊಳಕಾಲಿನ ಹಸಿರು ಗೆರೆಯಂತೆ. ಫೋಟೋದಲ್ಲಿ ನಿರ್ದೇಶಕರು ಶ್ರೀಶೈಲನ ಬಾಯಿಗೆ ಪೇಢೆ ಇಡುತ್ತಿದ್ದರು, ಇಬ್ಬರ ಬಾಯೂ ತೆರೆದಿತ್ತು. ಹಿಂದೆ ವಾದಿರಾಜ ಚಪ್ಪಾಳೆ ತಟ್ಟುತ್ತಿದ್ದ. ಇಷ್ಟು ವರ್ಷ ತಾನು ಕಟ್ಟಿದ್ದು ಇದನ್ನೇ ಎಂದು ಮಂದಾಕಿನಿಗೆ ಅನ್ನಿಸಿ, ಒಳಗೆ ಹೋಗಿ ಕೈಗೆ ಸಾಬೂನು ಹಚ್ಚಿ ತಿಕ್ಕಿ ತಿಕ್ಕಿ ತೊಳೆದಳು. ನಾಳೆ ಯಾರ ಯಾರ ಮನೆಗೆ ಹೋಗಿ ಯಾವ ಯಾವ ಗೂಡು ಬಿಚ್ಚಿಸಬೇಕೋ, ತನ್ನ ಮಾತನ್ನು ಇನ್ನು ಯಾರು ಕೇಳುತ್ತಾರೋ ಗೊತ್ತಿರಲಿಲ್ಲ.

ತಿರುಗಿ ಬಂದಾಗ ವಿರೂಪಾಕ್ಷ ಅವಳ ಫೋನು ಹಿಡಿದು ಆ ಸಂದೇಶವನ್ನು ಮತ್ತೊಮ್ಮೆ ಓದುತ್ತಿದ್ದ. ನಿನಗೆ ಮುಟ್ಟುವ ಹಾಗಿಲ್ಲ ಎಂದಿದ್ದಾರೆ, ನಾಳೆಯಿಂದ ನಾನು ಯಾರ ಹತ್ತಿರ ಹೋಗಬೇಕು ಎಂದು ಕೇಳಿದ. ಮಧ್ಯಾಹ್ನದ ಚಹಾ ಲೋಟ ಅವಳ ಕಣ್ಣಿನಿಂದ ಇನ್ನೂ ಹೋಗಿರಲಿಲ್ಲ. ಆ ಹೇಸಿಗೆ ಇವತ್ತಿಗೆ ನಾಳೆಗೆ ಹೋಗುವಂಥದೂ ಅಲ್ಲ. ಅವಳು ದಿವಾನದ ಮುಂದೆ ಬರಿಗೈಯಲ್ಲಿ ನೆಲದ ಮೇಲೆ ಕೂತಳು.

"ರೋಗಿನ್ನ ಮುಟ್ಟಬಾರ್ದು ಅಂತ ಬರದಾರ. ಗಂಡನ್ನ ಮುಟ್ಟಬಾರ್ದು ಅಂತ ಎಲ್ಲೂ ಬರದಿಲ್ಲ. ಕಾಲು ಚಾಚ್ರಿ" ಎಂದಳು.

ವಿರೂಪಾಕ್ಷ ಟವೆಲಿನ ಮೂಲೆಯನ್ನು ತಾನೇ ಬಾಯಿಗಿಟ್ಟುಕೊಂಡು ಕಾಲು ಚಾಚಿದ.